ಲೋಕವೇ ಮುಳುಗಿದ ಮೇಲೆ ಇಷ್ಟೊಂದು ದುಡ್ಡು ಎಲ್ಲಿಂದ ಬಂತು?

ನಿನ್ನೆ ರಾತ್ರಿ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಟರ್ಬೋ ಕಿಡ್’ ಸಿನಿಮಾ ಹಾಕಿದೆ. ತಪ್ಪು ನನ್ನದೇ. ಹತ್ತು ನಿಮಿಷ ಆಗಿರಲಿಲ್ಲ, “ಪಾಪ, ದುಡ್ಡಿರಲಿಲ್ಲ ಅನ್ಸುತ್ತೆ” ಅಂದು ಮೊಬೈಲ್ ಕೈಗೆತ್ತಿಕೊಂಡ. ಆ ‘ಪಾಪ’ ಇದೆಯಲ್ಲ, ಇನ್ನೂ ಚುಚ್ಚುತ್ತಿದೆ.

ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಲೋಕವೆಲ್ಲ ಹಾಳಾಗಿ, ಉಳಿದ ನಾಲ್ಕು ಜನ ಗುಜರಿ ಸಾಮಾನು ಮೈಗೆ ಕಟ್ಟಿಕೊಂಡು ಹೊಡೆದಾಡುವ ಸಿನಿಮಾ ಅಂದರೆ ಊಟ ಬಿಟ್ಟು ಕೂರುತ್ತೇನೆ. ‘ಟರ್ಬೋ ಕಿಡ್’ ಬಂದದ್ದು 2015ರಲ್ಲಿ, ಕತೆ ನಡೆಯುವುದು 1997ರ ‘ಭವಿಷ್ಯ’ದಲ್ಲಿ! ಹೀರೋಗೂ ಸೈಕಲ್ಲು, ವಿಲನ್ ಕಡೆಯವರಿಗೂ ಸೈಕಲ್ಲು. ಲೋಹದ ಬುರುಡೆಯ ಮುಖವಾಡ ಹಾಕಿದ ಕಟುಕ ಪುಟ್ಟ ಬಿಎಂಎಕ್ಸ್ ಸೈಕಲ್ ತುಳಿದುಕೊಂಡು ಕೊಲ್ಲಲು ಬರುತ್ತಾನೆ. ಹೀರೋಯಿನ್ ಕೈಯಲ್ಲಿರುವ ಆಯುಧ ಏನು ಗೊತ್ತಾ? ಕೋಲಿನ ತುದಿಗೆ ಸಿಕ್ಕಿಸಿದ ತೋಟದಲ್ಲಿ ಅಲಂಕಾರಕ್ಕೆ ಇಡುವ ಕುಳ್ಳನ ಬೊಂಬೆ.

ನಗು ಬರುತ್ತೆ, ಬರಲಿ. ಆದರೆ ಎಲ್ಲ ಮುಗಿದುಹೋದ ಲೋಕದಲ್ಲಿ ಕೈಗೆ ಸಿಗುವುದು ಇಂಥದ್ದೇ ಅಲ್ವಾ? ದೊಡ್ಡ ಬಜೆಟ್ಟಿನವರನ್ನು ನೋಡಿ. ಕುಡಿಯಲು ನೀರಿಲ್ಲ, ಆದರೆ ಚರ್ಮದ ಜಾಕೆಟ್ಟು ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಧೂಳು ಕೂಡ ಮೇಕಪ್‌ನವರು ಹೇಳಿದ ಜಾಗದಲ್ಲೇ ಕೂತಿದೆ. ಹುಬ್ಬು ಯಾರು ತಿದ್ದಿದರೋ!

ದುಡ್ಡಿಲ್ಲದಿದ್ದರೆ ತಲೆ ಓಡುತ್ತೆ. 1981ರ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ನಲ್ಲಿ ಹೀರೋ ಗ್ಲೈಡರ್‌ನಲ್ಲಿ (ಎಂಜಿನ್ ಇಲ್ಲದ ವಿಮಾನ) ಇಳಿಯುವಾಗ ಅದರೊಳಗಿನ ಪರದೆಯ ಮೇಲೆ ಊರಿನ ಕಟ್ಟಡಗಳು ಬರೀ ಗೆರೆಗಳಾಗಿ ಕಾಣುತ್ತವೆ. ಎಂಥ ಕಂಪ್ಯೂಟರ್ ಗ್ರಾಫಿಕ್ಸ್ ಅಂದುಕೊಂಡಿದ್ದೆ. ಕಂಪ್ಯೂಟರೂ ಇಲ್ಲ, ಮಣ್ಣೂ ಇಲ್ಲ. ಆಗ ಕಂಪ್ಯೂಟರ್ ಗ್ರಾಫಿಕ್ಸ್‌ಗೆ ವಿಪರೀತ ಖರ್ಚು. ಕಟ್ಟಡಗಳ ಮಾದರಿಗೆ ಕಪ್ಪು ಬಣ್ಣ ಬಳಿದು, ಅಂಚಿಗೆಲ್ಲ ಹೊಳೆಯುವ ಟೇಪ್ ಅಂಟಿಸಿ, ಕ್ಯಾಮೆರಾ ಓಡಿಸಿದ್ದಾರೆ. ಅಷ್ಟೇ! ಇದು ಗೊತ್ತಾದ ದಿನ ಆ ದೃಶ್ಯವನ್ನು ನಾಲ್ಕು ಸಲ ನೋಡಿದೆ. ‘ಮ್ಯಾಡ್ ಮ್ಯಾಕ್ಸ್’ ಮೊದಲ ಭಾಗದಲ್ಲಂತೂ ನಿರ್ದೇಶಕರು ತಮ್ಮದೇ ವ್ಯಾನನ್ನು ಗುದ್ದಿಸಿ ಪುಡಿ ಮಾಡಿಸಿದರು. ಇದಕ್ಕೂ ‘ಪಾಪ’ ಅನ್ನಬೇಕಾ?

“ಇದೆಲ್ಲ ಹಳೇ ಕಾಲದ ಮೋಹ, ಇಂಥವುಗಳಲ್ಲಿ ಹತ್ತಕ್ಕೆ ಒಂಬತ್ತು ಕಸ” ಅನ್ನುತ್ತೀರಿ. ಹೌದು, ಕಸವೇ. ಆ ಒಂಬತ್ತನ್ನೂ ನೋಡಿದವನು ನಾನು, ನನಗೆ ಹೇಳಬೇಡಿ. ದುಬಾರಿ ಕಸಕ್ಕಿಂತ ಅಗ್ಗದ ಕಸ ವಾಸಿ. ಅದಕ್ಕೆ ಅಹಂಕಾರವಾದರೂ ಇರಲ್ಲ.

ಇನ್ನೊಂದು ವಿಷಯ, ನಗಬೇಡಿ. ಆ ಬೊಂಬೆ ಹಿಡಿದ ಹುಡುಗಿ ರೋಬೋ. ಎಷ್ಟು ಜೀವ ಉಳಿದಿದೆ ಅಂತ ಅವಳ ಕೈಮೇಲೆ ಹಳೇ ವಿಡಿಯೋ ಗೇಮಿನ ಹಾಗೆ ಪುಟ್ಟ ಪುಟ್ಟ ಹೃದಯಗಳು ತೋರಿಸುತ್ತವೆ. ಅವು ಕಡಿಮೆಯಾಗುತ್ತಾ ಹೋದ ಹಾಗೆ ನನ್ನ ಗಂಟಲು ಕಟ್ಟಿತು. ಬೊಂಬೆ ಕೋಲು, ಕೆಂಪು ಚುಕ್ಕಿಯಂಥ ಹೃದಯ, ಅಷ್ಟಕ್ಕೇ ಕಣ್ಣಲ್ಲಿ ನೀರು.

ಪುಣ್ಯಕ್ಕೆ ಅವನು ಆಗಲೂ ಮೊಬೈಲ್ ನೋಡುತ್ತಿದ್ದ.