ಲೋ, ಬೀರು ಮುಚ್ಚೋ!

ಹಾಸ್ಟೆಲ್ ರೂಮನ್ನು ಎಲ್ಲರೂ ಉದ್ದ ಅಗಲದಲ್ಲಿ ಅಳೆಯುತ್ತಾರೆ. ಅದು ಕಟ್ಟಿದವರ ಲೆಕ್ಕ. ಒಳಗೆ ಇರುವವರ ಲೆಕ್ಕವೇ ಬೇರೆ. ಯಾವುದು ತೆರೆದಿದ್ದಾಗ ಯಾವುದು ಮುಚ್ಚಿರಬೇಕು ಅನ್ನುವುದಷ್ಟೇ ನಮಗೆ ಮುಖ್ಯ.

ನಮ್ಮ ರೂಮಿನಲ್ಲಿ ನನ್ನ ಬೀರು ತೆರೆದರೆ ರೂಮಿನ ಬಾಗಿಲು ತೆರೆಯುವುದಿಲ್ಲ. ಬಾಗಿಲು ತೆರೆದರೆ ರೂಮ್‌ಮೇಟ್ ಕುರ್ಚಿಯಿಂದ ಏಳುವಂತಿಲ್ಲ. ಅವನು ಎದ್ದರೆ ಮಂಚದ ಕೆಳಗಿನ ಡ್ರಾಯರ್ ಒಳಗೆ ಹೋಗಬೇಕು. ಬೆಳಿಗ್ಗೆ ಒಬ್ಬ ಶರ್ಟ್ ಹುಡುಕುವಾಗ ಇನ್ನೊಬ್ಬ ಮಂಚದ ಮೇಲೆ ಕಾಲು ಮಡಚಿ ಕೂತಿರುತ್ತಾನೆ, ರೈಲ್ವೆ ಗೇಟ್ ಬಿದ್ದಾಗ ಕಾಯುವವರ ಹಾಗೆ. ಸ್ನಾನಕ್ಕೆ ಹೋದವನು ಹೊರಗಿನಿಂದ ಬಾಗಿಲು ತಟ್ಟಿ "ಲೋ, ಬೀರು ಮುಚ್ಚೋ!" ಅಂತ ಕೂಗುತ್ತಾನೆ. ಪಕ್ಕದ ರೂಮಿನವರಿಗೆ ಇದು ಅಲಾರಂ.

ಆ ಡ್ರಾಯರ್ ಕಥೆ ಕೇಳಿ. ಮಂಚದ ಕೆಳಗೆ ಎಷ್ಟೊಂದು ಜಾಗ ಸುಮ್ನೆ ಬಿದ್ದಿದೆ ಅಂತ ಹೇಳದವರಿಲ್ಲ. ನಿಜ, ಬಿದ್ದಿದೆ. ಆದರೆ 60 ಸೆಂ.ಮೀ. ಆಳದ ಡ್ರಾಯರನ್ನು ಪೂರ್ತಿ ಎಳೆಯಲು ಅದರ ಮುಂದೆ ಇನ್ನೊಂದು 60 ಸೆಂ.ಮೀ. ಖಾಲಿ ನೆಲ ಬೇಕು. ಮಾರುವವರು ಇದನ್ನು ಹೇಳುವುದಿಲ್ಲ. ನಮ್ಮ ಎರಡು ಮಂಚಗಳ ನಡುವೆ ಇರುವುದು 70. ಉಳಿದ 10 ಸೆಂ.ಮೀ.ನಲ್ಲಿ ನಾನು ಕುಕ್ಕರುಗಾಲಲ್ಲಿ ಕೂತು ಕಾಲುಚೀಲ ಆರಿಸಬೇಕು. ನಾನು ಸಣ್ಣಗಿದ್ದೇನೆ, ಆದರೆ ಅಷ್ಟೇನಲ್ಲ. ಹಾಗಾಗಿ ಮಂಚದ ಮೇಲೆ ಬೋರಲು ಮಲಗಿ, ತಲೆ ಕೆಳಗೆ ಬಿಟ್ಟು ಹುಡುಕುತ್ತೇನೆ. ರಕ್ತವೆಲ್ಲ ಮುಖಕ್ಕೆ ಇಳಿಯುವಷ್ಟರಲ್ಲಿ ಜೋಡಿ ಸಿಕ್ಕರೆ ಪುಣ್ಯ. ಕೆಳಗೆ ಚಕ್ರ ಇರುವ, ಅಗಲ ಜಾಸ್ತಿ ಆಳ ಕಡಿಮೆ ಇರುವ ಡಬ್ಬವೇ ಇಲ್ಲಿಗೆ ಸರಿ. ಅರ್ಧ ಎಳೆದರೂ ಕೆಲಸ ಆಗುತ್ತದೆ.

ಮಂಚವನ್ನೇ ಎತ್ತರಿಸೋಣ ಅಂದ ರೂಮ್‌ಮೇಟ್. ಕಾಲಿನಡಿ ಇಡುವ ಪ್ಲಾಸ್ಟಿಕ್ ಸ್ಟ್ಯಾಂಡ್ ಬರುತ್ತವೆ, ನಾಲ್ಕರ ಸೆಟ್. ನಾಲ್ಕೂ ಒಂದೇ ಎತ್ತರ ಇರಬೇಕು, ಸಮ ನೆಲದ ಮೇಲೆ ಕೂರಬೇಕು, ಅಷ್ಟೇ ನಿಯಮ. ಒಂದು ಸೀಳಿತು. ಅದರ ಜಾಗಕ್ಕೆ ಅವನು ದಪ್ಪ ಪಠ್ಯಪುಸ್ತಕಗಳನ್ನು ಜೋಡಿಸಿಟ್ಟ. ಸೆಮಿಸ್ಟರ್ ಪೂರ್ತಿ ಅವುಗಳಿಂದ ಅವನಿಗೆ ಸಿಕ್ಕ ಲಾಭ ಅದೊಂದೇ. ಪರೀಕ್ಷೆ ಬಂತು. ಒಂದೊಂದು ವಿಷಯ ಓದಲು ತೆಗೆದಾಗಲೂ ಮಂಚ ಆ ಮೂಲೆಗೆ ಇನ್ನಷ್ಟು ವಾಲುತ್ತಿತ್ತು. ಗಣಿತದ ಹೊತ್ತಿಗೆ ಅವನು ಮಲಗುತ್ತಿರಲಿಲ್ಲ, ಜಾರುತ್ತಿದ್ದ.

ಕಂಬಳಿ, ಸ್ವೆಟರ್‌ಗಳಿಗೆ ಗಾಳಿ ಹೀರುವ ಪ್ಲಾಸ್ಟಿಕ್ ಚೀಲ ತಂದೆವು. ವ್ಯಾಕ್ಯೂಮ್ ಕ್ಲೀನರ್ ಹಚ್ಚಿದರೆ ಬೆಟ್ಟದಂಥ ಕಂಬಳಿ ಹಲಗೆಯಾಗುತ್ತದೆ. ನೋಡಲು ಬಹಳ ಖುಷಿ. ತೂಕ ಮಾತ್ರ ಒಂದು ಗ್ರಾಮೂ ಇಳಿಯುವುದಿಲ್ಲ, ಎತ್ತುವಾಗ ಗೊತ್ತಾಗುತ್ತದೆ. ಬಟ್ಟೆ ಚೂರು ಹಸಿ ಇದ್ದರೂ ಒಳಗೇ ಮುಗ್ಗಲು ಹಿಡಿಯುತ್ತದೆ, ಅದನ್ನು ನೋಡಿಕೊಂಡಿದ್ದೆವು. ಜಿಪ್ ಮಾತ್ರ ಕೈ ಕೊಟ್ಟಿತು. ಎಲ್ಲೋ ಕೂದಲೆಳೆಯಷ್ಟು ಸಂದಿ ಇದ್ದಿರಬೇಕು, ಮಂಚದ ಕೆಳಗೆ ತಳ್ಳಿದ ಹಲಗೆ ದಿನದಿಂದ ದಿನಕ್ಕೆ ಉಬ್ಬಿತು. ನೆಲಕ್ಕೂ ಮಂಚಕ್ಕೂ ನಡುವೆ ಬಿಗಿಯಾಗಿ ಕೂತುಬಿಟ್ಟಿತು. ಚಳಿ ಶುರುವಾದಾಗ ಎಳೆದರೆ ಕಂಬಳಿ ಬರಲಿಲ್ಲ, ಮಂಚ ಬಂತು. ಮತ್ತೆ ಗಾಳಿ ಹೀರೋಣ ಅಂದರೆ ಚೀಲದ ಬಾಯಿ ಗೋಡೆಯ ಕಡೆಗಿತ್ತು.

ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅದು ವಾರ್ಡನ್ ಆಜ್ಞೆ. ಹಾಗಾಗಿ ಅಂಟಿಸುವ ಹುಕ್. ಅದರ ಪ್ಯಾಕೆಟ್ ಮೇಲೆ ಬರೆದದ್ದನ್ನು ಓದುವವರು ಕಡಿಮೆ, ಆದರೆ ಅದರಲ್ಲೇ ಎಲ್ಲ ಇದೆ. ಗೋಡೆಯನ್ನು ಸ್ಪಿರಿಟ್‌ನಿಂದ ಒರೆಸಬೇಕು, 30 ಸೆಕೆಂಡ್ ಒತ್ತಿ ಹಿಡಿಯಬೇಕು, ಭಾರ ಹಾಕುವ ಮುಂಚೆ ಒಂದು ಗಂಟೆ ಬಿಡಬೇಕು. ಎಲ್ಲ ಮಾಡಿದೆವು. ರೂಮ್‌ಮೇಟ್ ಲ್ಯಾಪ್‌ಟಾಪ್ ಬ್ಯಾಗ್ ನೇತು ಹಾಕಿದ, ಪುಣ್ಯಕ್ಕೆ ಲ್ಯಾಪ್‌ಟಾಪ್ ಹೊರಗಿತ್ತು. ನಡುರಾತ್ರಿ ಧೊಪ್ ಅಂತ ಸದ್ದು. ಹುಕ್ಕಿನ ತಪ್ಪೇನಿಲ್ಲ, ಅದು ಕೊನೆಯವರೆಗೂ ಬಣ್ಣವನ್ನು ಬಿಟ್ಟಿರಲಿಲ್ಲ. ಬಣ್ಣ ಗೋಡೆಯನ್ನು ಬಿಟ್ಟಿತ್ತು. ಹಳೆಯ ಪೇಂಟ್ ಇದ್ದಲ್ಲಿ ಈ ಗೋಜೇ ಬೇಡ. ಕಬ್ಬಿಣದ ಬೀರು ಇದ್ದರೆ ಅದರ ಪಕ್ಕಕ್ಕೆ ಮ್ಯಾಗ್ನೆಟ್ ಹುಕ್ ಹಾಕಿ, ನೆಮ್ಮದಿ.

ಪ್ಲಗ್ ಪಾಯಿಂಟ್ ಬೀರುವಿನ ಹಿಂದಿದೆ. ಅದರ ಬಗ್ಗೆ ಮಾತಾಡಿದರೆ ಬೈಗುಳ ಬರುತ್ತದೆ, ಬಿಡಿ. ಒಂದು ಎಕ್ಸ್‌ಟೆನ್ಶನ್‌ಗೆ ಇನ್ನೊಂದು ಎಕ್ಸ್‌ಟೆನ್ಶನ್ ಮಾತ್ರ ಸಿಕ್ಕಿಸಬೇಡಿ, ಬಿಸಿಯಾಗುತ್ತದೆ.

ಹೋದ ವಾರ ರೂಮ್‌ಮೇಟ್ ಮಡಚುವ ಮೇಜು ತಂದ. "ಮಡಚಿದರೆ ಜಾಗವೇ ಬೇಡ ಮಾರಾಯ" ಅಂದ. ಮಾತು ಸುಳ್ಳಲ್ಲ. ಬಿಡಿಸುವ ಜಾಗವನ್ನು ಇನ್ನೂ ಹುಡುಕುತ್ತಿದ್ದೇವೆ. ಸದ್ಯಕ್ಕೆ ಅವನು ಅದನ್ನು ಕಾರಿಡಾರ್‌ಗೆ ಒಯ್ದು ಬಿಡಿಸಿಕೊಂಡು ಓದುತ್ತಾನೆ. ಅಲ್ಲಿ ಜಾಗ ಬಹಳ ಇದೆಯಂತೆ. ನಿನ್ನೆ ಒಂದು ಬುಕ್ ಸ್ಟ್ಯಾಂಡನ್ನೂ ಹೊರಗೆ ಸಾಗಿಸಿದ್ದಾನೆ.