ಸತ್ಯಾಂಶ: ಕಣ್ಣಿನ ಪೊರೆ ಪೂರ್ತಿ ಬಲಿಯುವವರೆಗೆ ಕಾಯಬೇಕಿಲ್ಲ

“ಪೊರೆ ಪೂರ್ತಿ ಬಲಿಯುವ ಮುನ್ನ ಆಪರೇಷನ್ ಮಾಡಿಸಬಾರದು, ಆಶಾ ಕಾರ್ಯಕರ್ತೆಯರ ಮಾತು ಕೇಳಿ ಅವಸರಪಡಬೇಡಿ” ಎಂಬ ಸಂದೇಶ ಚಿಕ್ಕಬಳ್ಳಾಪುರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಹಳೆಯ ಶಸ್ತ್ರಚಿಕಿತ್ಸಾ ವಿಧಾನಗಳ ಕಾಲದಲ್ಲಿ ಕಾಯುವ ಸಲಹೆಗೆ ಅರ್ಥವಿತ್ತು. ಈಗಿನ ಫೇಕೋ ವಿಧಾನದಲ್ಲಿ ಪೊರೆಗಟ್ಟಿದ ಮಸೂರವನ್ನು (ಕಣ್ಣಿನೊಳಗಿನ ಲೆನ್ಸ್) ಶ್ರವಣಾತೀತ ಕಂಪನದಿಂದ ಪುಡಿಮಾಡಿ, ಸುಮಾರು 3 ಮಿಲಿಮೀಟರ್ ಸೀಳಿನ ಮೂಲಕ ಹೀರಿ ತೆಗೆಯುವುದರಿಂದ, ಪೊರೆ ಗಟ್ಟಿಯಾದಷ್ಟೂ ಚಿಕಿತ್ಸೆ ಕಷ್ಟವಾಗುತ್ತದೆ. ಅತಿಯಾಗಿ ಬಲಿತರೆ ಕಣ್ಣಿನ ಒತ್ತಡ ಏರಿ ನೋಟ ಶಾಶ್ವತವಾಗಿ ಹೋಗಲೂಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ನೂಲು ತೆಗೆದು ಬದುಕುವವರಿಗೆ ಮಸುಕು ನೋಟದ ಒಂದು ವರ್ಷವೂ ದೊಡ್ಡ ನಷ್ಟ.

ಆಶಾ ಕಾರ್ಯಕರ್ತೆಯರು ರೋಗನಿರ್ಣಯ ಮಾಡುವುದಿಲ್ಲ. 30 ವರ್ಷ ದಾಟಿದವರ ಮನೆಮನೆ ಸಮೀಕ್ಷೆಯ ನಮೂನೆಯಲ್ಲಿ ಮಸುಕು ನೋಟ, ಓದಲು ತೊಂದರೆ, ವಾರಕ್ಕೂ ಮೀರಿದ ಕಣ್ಣುನೋವು ಅಥವಾ ಕೆಂಪು ಇದೆಯೇ ಎಂದು ಕೇಳಿ ದಾಖಲಿಸಿ, ಅಗತ್ಯವಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತಾರೆ. ಈ ಪ್ರಶ್ನೆಗಳು ಸರಳವಾಗಿ ಕಂಡರೂ, ವಯಸ್ಸಾಯಿತೆಂದು ಸುಮ್ಮನಿರುವ ಹಿರಿಯರನ್ನು ಗುರುತಿಸುವುದು ಇವುಗಳಿಂದಲೇ. ಶಸ್ತ್ರಚಿಕಿತ್ಸೆಯ ತೀರ್ಮಾನ ನೇತ್ರತಜ್ಞರದು. ನೋಟದ ಕುಂದು ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ ಎಂಬುದನ್ನು ನೋಡಿ ಅವರು ಅದನ್ನು ಕೈಗೊಳ್ಳುತ್ತಾರೆ.