ಆಂಕಲ್‌ನ ಹಿಂದಿನ ಮೂಳೆ ಚೂರಿಗೆ ಮಲತಾಯಿ ಧೋರಣೆ ಏಕೆ?

ಮೂರೂ ಕಡೆ ಮುರಿದ ಆಂಕಲ್‌ನಲ್ಲಿ ಹೊರಗಿನ ಸಣ್ಣ ಮೂಳೆ ಫಿಬುಲಾ, ಒಳಗಿನ ಗಂಟು ಎರಡಕ್ಕೂ ತಪ್ಪದೆ ಪ್ಲೇಟು, ಸ್ಕ್ರೂ ಬೀಳುತ್ತದೆ. ಮೊಣಕಾಲ ಕೆಳಗಿನ ದೊಡ್ಡ ಮೂಳೆ ಟಿಬಿಯಾದ ಹಿಂದಿನ ಚೂರು ಮಾತ್ರ 'ಕೀಲಿನ ಮೇಲ್ಮೈಯ ಶೇ 25ಕ್ಕಿಂತ ಕಡಿಮೆ ಇದೆ, ಬಿಡಿ' ಎಂಬ ಹಳೆಯ ಲೆಕ್ಕದಲ್ಲಿ ಉಳಿದುಬಿಡುತ್ತದೆ. ಈ ಲೆಕ್ಕವನ್ನು ಕೈಬಿಡಲೇಬೇಕು. ಮುರಿತದ ಗೆರೆ ಓರೆಯಾಗಿರುವುದರಿಂದ ಪಕ್ಕದ ಎಕ್ಸ್‌ರೇಯಲ್ಲಿ ಅಳತೆ ಸರಿಯಾಗಿ ಸಿಗುವುದಿಲ್ಲ, ಸಿಟಿ ಸ್ಕ್ಯಾನ್ ಬೇಕು. ಅದಕ್ಕಿಂತ ದೊಡ್ಡ ಮಾತು: ಟಿಬಿಯಾ, ಫಿಬುಲಾಗಳನ್ನು ಹಿಂದಿನಿಂದ ಹಿಡಿದಿಡುವ ಲಿಗಮೆಂಟ್ ಅಂಟಿಕೊಂಡಿರುವುದು ಆ ಚೂರಿಗೇ. ಚೂರು ಜಾಗಕ್ಕೆ ಬಂದರೆ ಲಿಗಮೆಂಟೂ ಬಿಗಿಯಾಗುತ್ತದೆ. ಎಷ್ಟೋ ಸಲ ಎರಡೂ ಮೂಳೆಗಳನ್ನು ಸೇರಿಸಿ ಬಿಗಿಯುವ ಸಿಂಡೆಸ್ಮೋಸಿಸ್ ಸ್ಕ್ರೂ ಬೇಕಾಗುವುದೇ ಇಲ್ಲ.

ಮುಂದಿನಿಂದ ಸಣ್ಣ ಗಾಯ ಮಾಡಿ 4 ಮಿ.ಮೀ. ಸ್ಕ್ರೂ ಹಾಕುವುದು ಸುಲಭ, ರೋಗಿಯನ್ನು ಬೋರಲು ಮಲಗಿಸಬೇಕಿಲ್ಲ. ಆದರೆ ಚೂರು ಕಣ್ಣಿಗೆ ಕಾಣದು, ಸಂದಿನಲ್ಲಿ ಸಿಕ್ಕಿಕೊಂಡ ಮೂಳೆಯ ತುಣುಕನ್ನು ತೆಗೆಯಲಾಗದು. ಸ್ಕ್ರೂವಿನ ತುದಿಯ ಸುರುಳಿಗೆರೆ, ಅಂದರೆ ಥ್ರೆಡ್, ಪೂರ್ತಿಯಾಗಿ ಮುರಿತದ ಗೆರೆ ದಾಟಿದರೆ ಮಾತ್ರ ಚೂರನ್ನು ಎಳೆದು ಒತ್ತುತ್ತದೆ. ಚೂರಿನ ದಪ್ಪ 10 ಮಿ.ಮೀ., ಥ್ರೆಡ್ಡಿನ ಉದ್ದ 16 ಮಿ.ಮೀ. ಇದ್ದರೆ? ಸಂದು ಹಾಗೇ ಉಳಿಯುತ್ತದೆ.

ಹಿಂದಿನಿಂದ ಹೋಗುವುದೇ ನನ್ನ ಆಯ್ಕೆ. ರೋಗಿಯನ್ನು ಬೋರಲು ಮಲಗಿಸಿ, ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ (ಸ್ನಾಯುರಜ್ಜು) ಮತ್ತು ಫಿಬುಲಾದ ನಡುವೆ ಕೊಯ್ಯಬೇಕು. ಚರ್ಮದ ಕೆಳಗೇ ಸುರಲ್ ನರವಿದೆ, ಅದಕ್ಕೆ ಪೆಟ್ಟಾದರೆ ಪಾದದ ಹೊರ ಅಂಚು ಜೋಮು ಹಿಡಿಯುತ್ತದೆ. ಫಿಬುಲಾದ ಹಿಂದೆ ಹಾಯುವ ಪೆರೋನಿಯಲ್ ಟೆಂಡನ್‌ಗಳನ್ನು ಹೊರಕ್ಕೆ, ಹೆಬ್ಬೆರಳನ್ನು ಮಡಚುವ ಸ್ನಾಯುವನ್ನು ಒಳಕ್ಕೆ ಸರಿಸಿ. ಟಿಬಿಯಲ್ ನರ, ರಕ್ತನಾಳಗಳು ಆ ಸ್ನಾಯುವಿನ ಮರೆಯಲ್ಲಿರುತ್ತವೆ. ಚೂರನ್ನು ಲಿಗಮೆಂಟಿನ ಮೇಲೆ ಪುಸ್ತಕದ ಹಾಳೆಯಂತೆ ತೆರೆದು, ಸಂದನ್ನು ತೊಳೆದು, ಮೇಲಿನ ಮೊನೆಯನ್ನು ಟಿಬಿಯಾದ ಅಂಚಿಗೆ ಕೂಡಿಸಿ, ಒನ್-ಥರ್ಡ್ ಟ್ಯೂಬುಲರ್ ಎಂಬ ತೆಳು ಪ್ಲೇಟನ್ನು ಆನಿಕೆಯಾಗಿ ಕೂರಿಸಿ. ಲಿಗಮೆಂಟನ್ನು ಕತ್ತರಿಸಿದರೋ, ಇಷ್ಟೆಲ್ಲ ಮಾಡಿದ್ದೂ ನೀರಿನಲ್ಲಿ ಹೋಮ.

ಫಿಬುಲಾಕ್ಕೂ ಅದೇ ಗಾಯದಿಂದ ಪ್ಲೇಟ್ ಹಾಕಬಹುದು. ಆದರೆ ಮೊದಲು ಹಿಂದಿನ ಚೂರು, ಆಮೇಲೆ ಫಿಬುಲಾ. ಮೊದಲೇ ಫಿಬುಲಾಕ್ಕೆ ಪ್ಲೇಟ್ ಬಿದ್ದರೆ ಸಿ-ಆರ್ಮ್ ಎಕ್ಸ್‌ರೇ ಯಂತ್ರದ ಪಕ್ಕದ ಚಿತ್ರದಲ್ಲಿ ಕೀಲಿನ ಗೆರೆ ಅದರ ಹಿಂದೆ ಮುಚ್ಚಿಹೋಗುತ್ತದೆ. ಫಿಬುಲಾದ ಪ್ಲೇಟ್ ತೀರಾ ಕೆಳಗಿಳಿದರೆ ಪೆರೋನಿಯಲ್ ಟೆಂಡನ್ ಉಜ್ಜಿ ನೋಯುತ್ತದೆ. ಮುರಿತ ಒಳಗಿನ ಗಂಟಿನವರೆಗೆ ಹಬ್ಬಿದ್ದರೆ ಈ ದಾರಿ ಸಾಲದು, ಒಳಬದಿಯ ಹಿಂಭಾಗದಿಂದಲೂ ತೆರೆಯಬೇಕು.

ಯಾವ ದಾರಿಯಾದರೂ ಚರ್ಮ ಒಪ್ಪಬೇಕು. ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣುವ ತನಕ, ಕೆಲವೊಮ್ಮೆ 7ರಿಂದ 10 ದಿನ, ಕಾಲನ್ನು ಎತ್ತರದಲ್ಲಿಟ್ಟು ಕಾಯಿರಿ. ಕೀಲು ಜಾರಿದ್ದರೆ ಮಾತ್ರ ಅದನ್ನು ಕೂರಿಸುವ ಕೆಲಸ ಆ ಕ್ಷಣವೇ ಆಗಬೇಕು. ಕೂರಿಸಿದ ಮೇಲೂ ಪ್ಲಾಸ್ಟರ್ ಸ್ಲ್ಯಾಬ್‌ನೊಳಗೆ ಜಾರುತ್ತಿದ್ದರೆ ಮೂಳೆಯನ್ನು ಹೊರಗಿನಿಂದ ಹಿಡಿದಿಡುವ ಫಿಕ್ಸೇಟರ್ ಹಾಕಿ. ಇಲ್ಲದಿದ್ದರೆ ಒಳಗಿನಿಂದ ಮೂಳೆ ಒತ್ತಿ ಚರ್ಮವೇ ಸಾಯುತ್ತದೆ.